ಮೈದಾನಕ್ಕೆ ನೀರು ಬಿಟ್ಟವರು

ಹೊನ್ನಯ್ಯನಿಗೆ ಸಿಟ್ಟು ಬೇಗ ಬರುತ್ತಿರಲಿಲ್ಲ. ಬಂದದ್ದು ಬೇಗ ಹೋಗುತ್ತಲೂ ಇರಲಿಲ್ಲ. "ನಮ್ಮನೆಯವ್ರ ಸಿಟ್ಟು ಭತ್ತದ ಹೊಟ್ಟಿಗೆ ಬಿದ್ದ ಕಿಚ್ಚಿನ ಥರ. ಉರಿ ಕಾಣಿಸಲ್ಲ, ಕೈ ಇಟ್ಟವರಿಗೆ ಗೊತ್ತಾಗುತ್ತೆ" ಎಂದು ಅವನ ಹೆಂಡತಿ ಹುಚ್ಚಮ್ಮ ಹೇಳುತ್ತಿದ್ದಳು. ಭದ್ರಾವತಿಯಲ್ಲಿ ಅವನನ್ನು ಬಲ್ಲವರು ಮೂವತ್ತೆಂಟನೆಯ ಇಸವಿಯ ತನಕ ಈ ಮಾತನ್ನು ನಂಬಿರಲಿಲ್ಲ. ಅವರು ಕಂಡಿದ್ದ ಹೊನ್ನಯ್ಯ ತಲೆ ತಗ್ಗಿಸಿಕೊಂಡು ಹುಲ್ಲು ಕೀಳುವವನು, ಗುದ್ದಲಿಯ ಹಿಡಿಗೆ ಗಲ್ಲ ಊರಿಕೊಂಡು ಹುಡುಗರು ಚೆಂಡಾಡುವುದನ್ನು ನೋಡುತ್ತ ನಿಲ್ಲುವವನು.

ಅವನು ಹುಟ್ಟಿದ್ದು ಹೊಳೆಹೊನ್ನೂರಿನ ಆಚೆಯ ಒಂದು ಹಳ್ಳಿಯಲ್ಲಿ, ನೀರಗಂಟಿಯ ಮನೆಯಲ್ಲಿ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ತಪ್ಪದಂತೆ ಬಿಡುವುದು ಆ ಮನೆತನದ ಕೆಲಸ. ಅಪ್ಪನಿಂದ ಅವನಿಗೆ ಬಂದ ಆಸ್ತಿಯೆಂದರೆ ಒಂದು ಗುದ್ದಲಿ, ಜೊತೆಗೆ ಅಂಗಾಲಿನ ತಿಳಿವಳಿಕೆ. ಬರಿಗಾಲಲ್ಲಿ ಗದ್ದೆಯ ಮೇಲೆ ಹತ್ತು ಹೆಜ್ಜೆ ಹಾಕಿದರೆ ಸಾಕು, ಒಳಗೆ ನೀರು ಎಲ್ಲಿ ನಿಂತಿದೆ, ಎಲ್ಲಿ ಬಸಿದು ಹೋಗಿದೆ ಎಂದು ಅವನು ಹೇಳಬಲ್ಲವನಾಗಿದ್ದ. ಒಂದು ವರ್ಷ ಕೆರೆ ಅರ್ಧಕ್ಕೆ ಇಳಿದಿದ್ದಾಗ ಊರಿನ ಗೌಡರು ತಮ್ಮ ಗದ್ದೆಗೆ ಇನ್ನೊಂದು ಜಾವ ನೀರು ಬಿಡು ಎಂದರು. "ನಿಮ್ಮ ಸರದಿ ಮುಗೀತು ಗೌಡ್ರೇ" ಎಂದ ಹೊನ್ನಯ್ಯ. ಪೈರು ಕೊಯ್ಲಿಗೆ ಬರುವ ಮೊದಲೇ ನೀರಗಂಟಿಕೆ ಬೇರೆ ಮನೆಗೆ ಹೋಯಿತು. ಅವನು ಹೆಂಡತಿಯನ್ನೂ ತಾಯಿಯಿಲ್ಲದ ಅವಳ ಪುಟ್ಟ ತಮ್ಮ ಭೈರಪ್ಪನನ್ನೂ ಕರೆದುಕೊಂಡು ಭದ್ರಾವತಿಗೆ ಬಂದ. ಹಳಬರ ಬಾಯಲ್ಲಿ ಊರು ಆಗಲೂ ಬೆಂಕೀಪುರವೇ. ಕಬ್ಬಿಣದ ಕಾರ್ಖಾನೆ ಏಳುತ್ತಿದ್ದ ಕಾಲ. ಮಣ್ಣು ಹೊರುವ ತಲೆಗಳಿಗೆ ಕೆಲಸವಿತ್ತು.

ಭೈರಪ್ಪನನ್ನು ಹುಚ್ಚಮ್ಮ ಮಗನಂತೆ ಸಾಕಿದಳು. ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಬೆಳೆದ ಭೈರಪ್ಪ ಕಾರ್ಖಾನೆಯ ಎರಕದ ಮನೆಗೆ ಸೇರಿದ. ಅಲ್ಲಿನ ತಮಿಳು ಕೆಲಸಗಾರರ ಜೊತೆ ಸಂಜೆ ಚೆಂಡು ಒದೆಯಲು ಹೋದವನು ಎರಡೇ ವರ್ಷದಲ್ಲಿ ಅವರೆಲ್ಲರನ್ನೂ ಮೀರಿಸಿದ. ಕಾಲಿಗೆ ಚೆಂಡು ಸಿಕ್ಕಿದರೆ ಅವನ ಮುಖವೇ ಬದಲಾಗುತ್ತಿತ್ತು.

ಊರಿನಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಚಂದ್ರಶೇಖರಪ್ಪನವರಿಗೆ ಆಟದ ಹುಚ್ಚು. ಅವರು 'ಭದ್ರಾ ಮಿತ್ರವೃಂದ' ಎಂಬ ಕ್ಲಬ್ಬು ಕಟ್ಟಿ, ಕಾಲುವೆಯ ಪಕ್ಕದ ಬೀಳು ಜಾಗವನ್ನು ಹಿಡಿದು, ಅದನ್ನು ಮೈದಾನ ಮಾಡು ಎಂದು ಹೊನ್ನಯ್ಯನ ಕೈಗೆ ಕೊಟ್ಟರು. ಕಲ್ಲು, ಕಳ್ಳಿ, ಹಾವಿನ ಹುತ್ತ. ಹೊನ್ನಯ್ಯ ಎರಡು ವರ್ಷ ಅಲ್ಲಿ ಮೈ ಮುರಿದ. ಕೆರೆಯ ಗೋಡುಮಣ್ಣು ತಂದು ಹರಡಿದ. ಗರಿಕೆಯನ್ನು ಬೇರು ಸಮೇತ ತಂದು ಗೇಣಿಗೊಂದರಂತೆ ನೆಟ್ಟ. ಕಾಲುವೆಯಿಂದ ಒಂದು ಸಣ್ಣ ತೂಬು ಕೂರಿಸಿ, ಬೇಸಿಗೆಯಲ್ಲಿ ಹುಲ್ಲಿಗೆ ನೀರು ಹಾಯುವಂತೆ ಮಾಡಿದ. ಮೊದಲ ದಿನ ಹಸಿರು ನೆಲದ ಮೇಲೆ ಭೈರಪ್ಪ ಓಡಿದಾಗ ಹೊನ್ನಯ್ಯ ಸುಮ್ಮನೆ ನಿಂತು ನೋಡಿದ. ಮನೆಗೆ ಬಂದು, "ನೆಲ ಚೆನ್ನಾಗಿ ಹಿಡ್ಕೊಂಡಿದೆ ಕಣೇ" ಎಂದಷ್ಟೇ ಹುಚ್ಚಮ್ಮನಿಗೆ ಹೇಳಿದ. ಅವನ ಮಟ್ಟಿಗೆ ಅದು ದೊಡ್ಡ ಮಾತು.

ಮೂವತ್ತೆಂಟರ ಮಾಘದಲ್ಲಿ ಗೋಡೆ ಗೋಡೆಗೂ ಕಾಗದ ಅಂಟಿದವು. ಸಿಲೋನಿನ ತಂಡವೊಂದು ದಕ್ಷಿಣದ ಊರುಗಳನ್ನು ಸುತ್ತುತ್ತ ಬರುತ್ತಿದೆ. ಶಿವಮೊಗ್ಗ ಭದ್ರಾವತಿಗಳ ಆಯ್ದ ಆಟಗಾರರು ಮೈಸೂರು ಸೀಮೆಯ ಹೆಸರಿನಲ್ಲಿ ಅವರ ಮೇಲೆ ಆಡುತ್ತಾರೆ. ಮೂರು ಪಂದ್ಯ, ಎರಡು ಗೆದ್ದವರಿಗೆ ಬೆಳ್ಳಿಯ ಬಟ್ಟಲು. ಮೊದಲನೆಯದು ಶಿವಮೊಗ್ಗದಲ್ಲಿ, ಉಳಿದೆರಡು ಭದ್ರಾವತಿಯಲ್ಲಿ. ಕಾಗದದ ನೆತ್ತಿಯ ಮೇಲೆ 'ಅಂತರರಾಷ್ಟ್ರೀಯ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾಯಕ ಭೈರಪ್ಪ. ಬೆಂಗಳೂರಿನಿಂದ ನಮ್ಮವರಿಗೆ ಹನ್ನೊಂದು ಜೊತೆ ಬೂಟು ಬಂದವು, ಅಟ್ಟೆಯ ಅಡಿಗೆ ಚರ್ಮದ ಬಿಲ್ಲೆ ಹೊಡೆದವು.

ಮೊದಲ ಪಂದ್ಯಕ್ಕೆ ಹೊನ್ನಯ್ಯನೂ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದ. ಸಿಲೋನಿನವರು ಬರಿಗಾಲಲ್ಲಿ, ಕಾಲಿನ ಹರಡಿಗೆ ಬಟ್ಟೆ ಸುತ್ತಿಕೊಂಡು ಇಳಿದಾಗ ಜನ ನಕ್ಕರು. ಹದಿನೈದು ನಿಮಿಷಕ್ಕೆ ನಗು ನಿಂತಿತು. ಅವರಲ್ಲಿ ಕಂದಯ್ಯ ಎಂಬ ಜಾಫ್ನಾದ ತಮಿಳು ಹುಡುಗನೊಬ್ಬನಿದ್ದ. ಇಪ್ಪತ್ತೆರಡರ ಆಸುಪಾಸು, ಕಡ್ಡಿಯಂಥ ಕಾಲು. ಚೆಂಡನ್ನು ಅವನು ಒದೆಯುತ್ತಿರಲಿಲ್ಲ, ಹೆಬ್ಬೆರಳಿನಿಂದ ಮಾತನಾಡಿಸುತ್ತಿದ್ದ. ಗಟ್ಟಿ ಒಣನೆಲದ ಮೇಲೆ ಬೂಟಿನವರು ಜಾರಿದರು, ಬರಿಗಾಲಿನವರು ಹಾರಿದರು. ಮೂರು ಗೋಲಿಗೆ ಒಂದು. ವಾಪಸು ಬರುವಾಗ ಗಾಡಿಯಲ್ಲಿ ನಮ್ಮ ಹುಡುಗರೆಲ್ಲ ಮುಖ ಇಳಿಬಿಟ್ಟು ಕೂತಿದ್ದರು. ಭೈರಪ್ಪ ಒಬ್ಬನ ಕಣ್ಣಲ್ಲಿ ಮಾತ್ರ ಬೇರೇನೋ ಇತ್ತು.

"ಅವ್ನನ್ನ ಹಿಡೀಬಹುದು ಭಾವ," ಎಂದ. "ಎಡಗಡೆ ತಿರುಗೋಕ್ ಮುಂಚೆ ಭುಜ ಇಳಿಸ್ತಾನೆ. ಇವತ್ತು ತಡವಾಗಿ ಕಾಣಿಸ್ತು. ನಮ್ಮ ನೆಲದ ಮೇಲೆ ಹಿಡೀತೀನಿ."

"ಹಿಡಿ," ಎಂದ ಹೊನ್ನಯ್ಯ.

ಮಾರನೆಯ ದಿನ ಚಂದ್ರಶೇಖರಪ್ಪನವರು ಮೈದಾನಕ್ಕೆ ಬಂದರು. ಎಂದೂ ಇಲ್ಲದ ಸಲಿಗೆಯಿಂದ ಹೊನ್ನಯ್ಯನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತರು. ಎಲೆಯಡಿಕೆ ಕೊಟ್ಟರು.

"ನಿನ್ನ ಕಾಲಿಗೆ ನೀರಿನ ದಾರಿ ಗೊತ್ತಾಗುತ್ತಂತಲ್ಲ ಮಾರಾಯ, ಹೌದಾ?"

"ಹಿರೀಕರಿಂದ ಬಂದಿದ್ದು ಸಾವ್ಕಾರ್ರೇ."

"ಈ ನೆಲದಲ್ಲಿ ಹೇಗೆ? ಮಳೆ ಬಂದ್ರೆ ಎಲ್ಲಿ ನಿಲ್ಲುತ್ತೆ?"

ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ಯಾರೂ ಇರಲಿಲ್ಲ. ಹೊನ್ನಯ್ಯ ಎದ್ದು ಅವರನ್ನು ಮೈದಾನದ ತುಂಬ ನಡೆಸಿದ. ಮೂಡಣ ಗೋಲಿನ ಮುಂದೆ ತಟ್ಟೆಯಂಥ ತಗ್ಗು, ಕಣ್ಣಿಗೆ ಕಾಣದು. ಅಲ್ಲಿ ಎರೆಮಣ್ಣು, ನೀರು ಕುಡಿದರೆ ಎರಡು ದಿನ ಬಿಡುವುದಿಲ್ಲ. ಬಲಗಡೆಯ ಅಂಚಿನಲ್ಲಿ ಹುಲ್ಲಿನಡಿ ಜವುಗು. ಮೇಲೆ ನೋಡಿದರೆ ಒಣಗಿದಂತೆ, ಕಾಲಿಟ್ಟರೆ ಬೆಣ್ಣೆ. ಚಂದ್ರಶೇಖರಪ್ಪನವರು ತಲೆಯಾಡಿಸುತ್ತ ಕೇಳಿದರು. "ನೀನು ಇಂಜಿನಿಯರ್ ಆಗ್ಬೇಕಿತ್ತು ಕಣಯ್ಯ" ಎಂದರು. ಆ ಸಂಜೆ ಹೊನ್ನಯ್ಯ ಆ ಮಾತನ್ನು ಹುಚ್ಚಮ್ಮನ ಮುಂದೆ ಎರಡು ಸಲ ಹೇಳಿದ.

ಪಂದ್ಯದ ಹಿಂದಿನ ಬೆಳಿಗ್ಗೆ ಅವನಿಗೆ ಶಿವಮೊಗ್ಗಕ್ಕೆ ಹೋಗುವ ಕೆಲಸ ಬಂತು. ಗೋಲಿಗೆ ಕಟ್ಟುವ ಬಲೆ ಅಲ್ಲಿದೆ, ಬಿಚ್ಚಿ ಸರಿಮಾಡಿಸಿಕೊಂಡು ನಾಳೆ ಮಧ್ಯಾಹ್ನದ ಗಾಡಿಗೆ ಬಾ, ಹೊಸಮನೆಯಲ್ಲಿ ನಿನ್ನ ನೆಂಟರಿದ್ದಾರಲ್ಲ ಅಲ್ಲೇ ಉಳಿದುಕೋ ಎಂದು ಚಂದ್ರಶೇಖರಪ್ಪನವರು ಹೇಳಿ ಕಳಿಸಿದರು. ಹೊನ್ನಯ್ಯ ಹೋದ.

ಮಾರನೆಯ ದಿನ ಬಲೆಯ ಗಂಟು ಹೊತ್ತು ಮೈದಾನಕ್ಕೆ ಕಾಲಿಟ್ಟಾಗ ಗಂಟೆ ಎರಡು ಹೊಡೆದಿತ್ತು. ನಾಲ್ಕಕ್ಕೆ ಆಟ. ಮೊದಲು ಅವನ ಕಾಲಿಗೆ ತಿಳಿಯಿತು, ಆಮೇಲೆ ತಲೆಗೆ. ಅಂಗಾಲಿನಡಿ ನೆಲ ತಣ್ಣಗೆ ಕದಲಿತು. ಅವನು ಗಂಟನ್ನು ಇಳಿಸಿ ಮೂಡಣ ಗೋಲಿನ ಕಡೆ ನಡೆದ. ಹುಲ್ಲಿನ ತುದಿ ಬಿಸಿಲಿಗೆ ಒಣಗಿ ಹಸಿರಾಗಿಯೇ ಇತ್ತು. ಹೆಜ್ಜೆಯಿಟ್ಟರೆ ಹಿಮ್ಮಡಿ ಮುಳುಗಿತು. ಬಲ ಅಂಚಿಗೆ ಹೋದ, ಅಲ್ಲೂ ಹಾಗೆಯೇ. ಪಡುವಣ ಗೋಲಿನ ಕಡೆ ಮಾತ್ರ ನೆಲ ಹದವಾಗಿತ್ತು. ತೂಬಿನ ಹಲಗೆಯನ್ನು ಯಾರೋ ಅವಸರದಲ್ಲಿ ವಾರೆಯಾಗಿ ಇಳಿಸಿ ಹೋಗಿದ್ದರು. ತಾನು ತೋರಿಸಿದ ಜಾಗಗಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆಗ ಅವನಿಗೆ ಎಲೆಯಡಿಕೆ ನೆನಪಾಯಿತು, ಇಂಜಿನಿಯರ್ ಎಂದದ್ದು ನೆನಪಾಯಿತು, ಆ ಮಾತನ್ನು ತಾನು ಹೆಂಡತಿಯ ಮುಂದೆ ಎರಡು ಸಲ ಹೇಳಿಕೊಂಡದ್ದು ನೆನಪಾಗಿ ಕಿವಿ ಕಾದವು.

ಚಂದ್ರಶೇಖರಪ್ಪನವರು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಸುತ್ತಿದ್ದರು. ಹೊನ್ನಯ್ಯ ನೇರ ಹೋಗಿ ಎದುರು ನಿಂತ.

"ನೆಲಕ್ಕೆ ನೀರು ಬಿಟ್ಟೋರು ಯಾರು ಸಾವ್ಕಾರ್ರೇ?"

"ನಾನೇ ಬಿಡಿಸ್ದೆ. ಧೂಳು ಏಳುತ್ತೆ ಅಂತ."

"ಧೂಳಿಗೆ ಬಿಂದಿಗೇಲಿ ಚಿಮುಕಿಸ್ತಾರೆ. ತೂಬು ಎತ್ತಲ್ಲ."

ಅವರು ಅವನನ್ನು ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ದನಿ ತಗ್ಗಿಸಿದರು. "ನೋಡು ಹೊನ್ನಯ್ಯ, ಮನೆಗೆ ಬಂದೋರು ಗೆದ್ದು ಹೋದ್ರೆ ನಾಳೆ ನಾವು ಮುಖ ಎಲ್ಲಿಟ್ಕೊಳ್ಳೋದು? ನಾವು ಅವರೂರಿಗೆ ಹೋದ್ರೆ ಅವ್ರು ಸುಮ್ನೆ ಬಿಡ್ತಾರಾ? ಎಲ್ಲಾ ದೇಶದಲ್ಲೂ ಇದೇ ಕತೆ. ಹೋದ ವರ್ಷದ ಹಿಂದಿನ ವರ್ಷ ಬರ್ಲಿನ್ನಲ್ಲಿ ಲೋಕದವರೆಲ್ಲ ಸೇರಿ ಆಡಿದ್ರಲ್ಲ, ಪೇಪರಲ್ಲಿ ಓದ್ದೆ. ಎಲ್ಲರಿಗಿಂತ ಜಾಸ್ತಿ ಪದಕ ಬಂದಿದ್ದು ಯಾರಿಗೆ? ಆಟ ನಡೆಸಿದ ಜರ್ಮನಿಯವರಿಗೇ. ಅವರೇನು ಸುಮ್ನೆ ಗೆದ್ರಾ?"

"ಬರ್ಲಿನ್ ನಂಗೊತ್ತಿಲ್ಲ. ಈ ನೆಲ ಗೊತ್ತು," ಎಂದ ಹೊನ್ನಯ್ಯ. ಅವನ ದನಿ ಏರಲಿಲ್ಲ. "ನಮ್ಮ ಹುಡುಗರು ಇದರ ಮೇಲೆ ನಾಕು ವರ್ಷ ಓಡಿದಾರೆ. ಇಳಿಜಾರೆಲ್ಲಿ, ಚೆಂಡು ಯಾವ ಕಡೆ ವಾಲುತ್ತೆ ಅಂತ ಅವರ ಕಾಲಿಗೆ ಗೊತ್ತು. ಮನೆ ಊಟ ಉಂಡು ಮನೆ ಚಾಪೆ ಮೇಲೆ ಮಲಗಿ ಎದ್ದು ಬಂದಿದಾರೆ. ಊರಿಗೂರೇ ಅವರ ಕಡೆ ನಿಂತು ಕೂಗುತ್ತೆ. ಇಷ್ಟೆಲ್ಲ ಪುಕ್ಕಟೆ ಸಿಕ್ಕಿರುವಾಗ ಇನ್ನೂ ಕದೀಬೇಕಾ?"

"ನಾಲಿಗೆ ಬಿಗಿ ಹಿಡಿ. ನೀನು ಯಾರ ಅನ್ನ ತಿಂತಿದೀಯ?"

"ನೆಲದ್ದು," ಎಂದು ಹೊನ್ನಯ್ಯ ತಿರುಗಿ ನಡೆದ.

ಅವನು ಕ್ಲಬ್ಬಿನ ಗುದ್ದಲಿ ತಂದು ಮೂಡಣ ಗೋಲಿನ ಹಿಂದಿನಿಂದ ಬಸಿಗಾಲುವೆ ತೋಡಲು ತೊಡಗಿದ. ಕ್ಲಬ್ಬಿನ ಇಬ್ಬರು ಬಂದು ಗುದ್ದಲಿ ಕಿತ್ತುಕೊಂಡರು. ಮಂಕರಿಯಲ್ಲಿ ಮರಳು ಹೊತ್ತು ತಂದು ಸುರಿದ. ಆರು ಮಂಕರಿಯಾಗುವಷ್ಟರಲ್ಲಿ ಅದನ್ನೂ ತಡೆದರು. ಅಷ್ಟು ಹೊತ್ತಿಗೆ ಸಿಲೋನಿನವರು ಬಂದರು. ಅವರ ಕಣ್ಣು ಕೆಂಪಗಿದ್ದವು. ಅವರನ್ನು ಇಳಿಸಿದ್ದ ಛತ್ರ ಚಂದ್ರಶೇಖರಪ್ಪನವರ ಗಿರಣಿಯ ಗೋಡೆಗೇ ಆತುಕೊಂಡದ್ದೆಂದೂ, ಎಂದೂ ಎಂಟಕ್ಕೆ ಶುರುವಾಗುವ ಯಂತ್ರ ಅಂದು ಬೆಳಗಿನ ಜಾವ ನಾಲ್ಕಕ್ಕೇ ಶುರುವಾಗಿತ್ತೆಂದೂ ಹೊನ್ನಯ್ಯನಿಗೆ ಆಮೇಲೆ ತಿಳಿಯಿತು.

ಜನ ಸುತ್ತ ನೆರೆದು ತಮಟೆ ಬಡಿಯುತ್ತಿದ್ದರು. ಹೊನ್ನಯ್ಯ ಎಲ್ಲರ ಕಣ್ಣೆದುರೇ ಕಂದಯ್ಯನ ಹತ್ತಿರ ಹೋಗಿ ಕೈ ಹಿಡಿದ. ಕಾರ್ಖಾನೆಯ ಸಾಲುಮನೆಗಳಲ್ಲಿ ಕೇಳಿ ಕಲಿತ ಹರಕು ತಮಿಳಿನಲ್ಲಿ ಹೇಳಿದ, "ಬಾ. ನನ್ನ ಕಾಲು ನೋಡ್ಕೋ." ಮುಂದೆ ಅವನು, ಹಿಂದೆ ಆ ಹುಡುಗ, ಮೈದಾನದ ಬಲ ಅಂಚಿನಲ್ಲಿ ನಡೆದರು. ಜವುಗು ಬಂದಲ್ಲಿ ಹೊನ್ನಯ್ಯ ನಿಂತು ಕಾಲು ಒತ್ತಿ ತೋರಿಸಿದ. ಗಟ್ಟಿ ಇದ್ದಲ್ಲಿ ಹಿಮ್ಮಡಿ ಕುಟ್ಟಿ ತೋರಿಸಿದ. ಗೋಲಿನ ಮುಂದಿನ ತಗ್ಗಿಗೆ ಬರುವ ಮೊದಲೇ ಸೀಟಿ ಊದಿತು. ತೀರ್ಪುಗಾರನೂ ಊರಿನವನೇ. "ಹೊರಗಿನವರು ಮೈದಾನ ಬಿಡ್ರಿ" ಎಂದು ಕೂಗಿದ. ಜನರ ನಡುವಿನಿಂದ ಒಂದು ಕಲ್ಲು ಬಂದು ಹೊನ್ನಯ್ಯನ ಬೆನ್ನಿಗೆ ಬಿತ್ತು. ಅವನು ಹಿಂತಿರುಗಿ ನೋಡಲಿಲ್ಲ. ನೋಡಿದ್ದು ಭೈರಪ್ಪನನ್ನು. ಬೂಟು ಬಿಗಿದು ನಿಂತಿದ್ದ ಭೈರಪ್ಪ ಕಾಲಡಿಯ ನೆಲವನ್ನು ಒಮ್ಮೆ ಒತ್ತಿ, ಭಾವನ ಮುಖ ನೋಡಿ, ಕಣ್ಣು ತಪ್ಪಿಸಿದ.

ಮೊದಲರ್ಧದಲ್ಲಿ ಸಿಲೋನಿನವರು ಮೂಡಣ ಗೋಲಿನತ್ತ ದಾಳಿ ಮಾಡಬೇಕಿತ್ತು. ಬರಿಗಾಲುಗಳು ಸರಸರ ಜಾರಿದವು. ಬಿದ್ದವರನ್ನು ಕಂಡು ಊರು ನಕ್ಕಿತು, ಹೆಂಗಸರು ಮಕ್ಕಳು ಕೂಡ. ಬೂಟಿನ ಬಿಲ್ಲೆಗಳು ಕೆಸರನ್ನು ಕಚ್ಚಿ ಹಿಡಿದವು. ನಮ್ಮವರು ಒಂದು ಗೋಲು ಹೊಡೆದರು. ಆದರೂ ಕಂದಯ್ಯ ಹೊನ್ನಯ್ಯ ಹಿಮ್ಮಡಿ ಕುಟ್ಟಿ ತೋರಿಸಿದ್ದ ದಾರಿಯನ್ನೇ ಹಿಡಿದು, ಗೆರೆ ಎಳೆದಂತೆ ಓಡಿ, ಒಂದು ತೀರಿಸಿದ. ಹೊನ್ನಯ್ಯನ ಗಂಟಲಿನಿಂದ ತಾನೇ ತಾನಾಗಿ ಒಂದು ಸದ್ದು ಹೊರಟಿತು. ಅಕ್ಕಪಕ್ಕದವರು ಅವನತ್ತ ತಿರುಗಿ ನೋಡಿ ಉಗಿದರು.

ಅರ್ಧದ ಹೊತ್ತಿಗೆ ಸ್ವಲ್ಪ ಮುಂಚೆ ಕಂದಯ್ಯ ಮತ್ತೆ ಒಳಗೆ ನುಗ್ಗಿದ. ಭೈರಪ್ಪ ಎದುರು ಬಂದ. ಹುಡುಗ ಭುಜ ಇಳಿಸಿ ಎಡಕ್ಕೆ ತಿರುಗಿದ. ಭೈರಪ್ಪ ಈ ಸಲ ಸರಿಯಾದ ಹೊತ್ತಿಗೇ ಎಡಕ್ಕೆ ಬಂದ. ಅಲ್ಲಿ ಏನಾಗಬೇಕಿತ್ತೋ ಅದು ಆಗಲಿಲ್ಲ. ಕಂದಯ್ಯ ಊರಿದ ಕಾಲು ಆ ತಗ್ಗಿಗೆ ಇಳಿಯಿತು. ಕಾಲು ಒಂದು ಕಡೆ, ಮೈ ಒಂದು ಕಡೆ. ತಮಟೆಯ ನಡುವೆಯೂ ಹೊನ್ನಯ್ಯನಿಗೆ ಆ ಸದ್ದು ಕೇಳಿಸಿತು, ಒಣ ಬಿದಿರು ಮುರಿದಂತೆ.

ಹತ್ತು ಜನರಾದ ಸಿಲೋನಿನವರು ಎರಡನೆಯ ಅರ್ಧ ಪೂರ್ತಿ ತಮ್ಮ ಗೋಲು ಕಾದರು. ಕೊನೆಗೆ ಭೈರಪ್ಪನೇ ಇನ್ನೊಂದು ಗೋಲು ಹೊಡೆದ. ಊರು ಅವನನ್ನು ಹೆಗಲ ಮೇಲೆ ಹೊತ್ತಿತು. ಆ ಹೊತ್ತಿಗೆ ಹೊನ್ನಯ್ಯ ಅಲ್ಲಿರಲಿಲ್ಲ. ಕಂದಯ್ಯನನ್ನು ಮಲಗಿಸಿದ ಎತ್ತಿನ ಗಾಡಿಯ ಹಿಂದೆ, ಕಾಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದ. ಸಂಜೆಯ ರೈಲಿನಲ್ಲಿ ಹುಡುಗನನ್ನು ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದರು.

ಮನೆಗೆ ಬಂದಾಗ ಭೈರಪ್ಪನ ಕೊರಳಿನ ಹೂವಿನ ಹಾರ ಗೂಟಕ್ಕೆ ನೇತಾಡುತ್ತಿತ್ತು. ಹುಚ್ಚಮ್ಮ ಪಾಯಸ ಮಾಡಿದ್ದಳು.

"ನೀರು ಬಿಟ್ಟಿದ್ದು ನಿನಗೆ ಗೊತ್ತಿತ್ತಾ?" ಎಂದು ಹೊನ್ನಯ್ಯ ಕೇಳಿದ.

"ಬೆಳಿಗ್ಗೆ ಗೊತ್ತಾಯ್ತು," ಎಂದ ಭೈರಪ್ಪ.

"ಮತ್ತೆ?"

"ನಾನೇನು ಮಾಡ್ಲಿ ಭಾವ? ಊರೆಲ್ಲ ಕಾಯ್ತಾ ಇತ್ತು. ನಾನೊಬ್ಬ ಆಡಲ್ಲ ಅನ್ಲಾ?"

"ಅನ್ಬೇಕಿತ್ತು."

"ಸುಲಭ ನಿಮಗೆ. ನೀವು ಎಲ್ಲರ ಎದುರಿಗೆ ಅವನ ಕೈ ಹಿಡ್ಕೊಂಡು ನಡೆದ್ರಲ್ಲ, ನನ್ನ ಮುಖಕ್ಕೆ ಹೊಡೆದ ಹಾಗಿತ್ತು. ಅವನನ್ನ ಹಿಡೀತೀನಿ ಅಂದಿದ್ದೆ. ಹಿಡಿದೆ. ನೀರಿಲ್ಲದಿದ್ರೂ ಹಿಡೀತಿದ್ದೆ."

"ಅದನ್ನ ಯಾರು ಹೇಳ್ತಾರೋ ಈಗ?" ಎಂದ ಹೊನ್ನಯ್ಯ. "ನೀನು ಹೇಳ್ತೀಯಾ? ನಾನು ಹೇಳ್ಲಾ? ನೀನು ಒಳ್ಳೆ ಆಟಗಾರ ಕಣೋ ಭೈರಾ. ನಿನ್ನ ಹತ್ತಿರ ಇದ್ದದ್ದನ್ನೇ ಕಿತ್ಕೊಂಡ್ರು ಅವ್ರು. ಹಾರ ಹಾಕಿ ಕಿತ್ಕೊಂಡ್ರು."

ಪಾಯಸವನ್ನು ಯಾರೂ ಮುಟ್ಟಲಿಲ್ಲ.

ಮೂರನೆಯ ಪಂದ್ಯ ಬುಧವಾರ, ಅದೇ ಮೈದಾನದಲ್ಲಿ. ಸೋಮವಾರ ಬೆಳಿಗ್ಗೆ ಬಿಸಿಲು ಏರಿ ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ ಹೊನ್ನಯ್ಯ ಮೈದಾನದ ನಟ್ಟನಡುವೆ ನಿಂತು, ಅಪ್ಪನ ಗುದ್ದಲಿಯನ್ನು ಎತ್ತಿ ಮೊದಲ ಏಟು ಹಾಕಿದ. ತಾನೇ ನೆಟ್ಟ ಗರಿಕೆ ಚಾಪೆಯ ಹಾಗೆ ಸುರುಳಿಯಾಗಿ ಎದ್ದು ಬಂತು. ಒಂದು ಗೋಲಿನಿಂದ ಇನ್ನೊಂದು ಗೋಲಿಗೆ ಅವನು ಮೊಣಕಾಲಾಳದ ಕಾಲುವೆ ತೋಡತೊಡಗಿದ. ಅವಸರವಿಲ್ಲ, ಒಂದೇ ಸಮನೆ, ನೂಲು ಹಿಡಿದಂತೆ ನೇರ. ಎರಕದ ಮನೆಗೆ ಹೊರಟಿದ್ದವರು ನಿಂತು ನೋಡಿದರು. ಯಾರೋ ಗಿರಣಿಗೆ ಓಡಿದರು. ಚಂದ್ರಶೇಖರಪ್ಪನವರು ಚಪ್ಪಲಿ ಕೂಡ ಮೆಟ್ಟದೆ ಬಂದರು.

"ಏನಯ್ಯ ಇದು? ಹುಚ್ಚು ಹಿಡೀತಾ?"

"ನೀರು ಬಸಿಯೋಕೆ ದಾರಿ ಮಾಡ್ತಿದೀನಿ ಸಾವ್ಕಾರ್ರೇ. ಧೂಳಿಗೆ ಅಂತ ಬಿಟ್ರಲ್ಲ, ಜಾಸ್ತಿಯಾಗಿದೆ."

"ನಾಡಿದ್ದು ಪಂದ್ಯ ಇದೆ."

"ಇಲ್ಲಿ ಇಲ್ಲ," ಎಂದು ಹೊನ್ನಯ್ಯ ಇನ್ನೊಂದು ಏಟು ಹಾಕಿದ. ಕೆಸರು ಸಿಡಿದು ಅವರ ಪಂಚೆಗೆ ಬಿತ್ತು. "ನಾನು ಮಾಡಿದ ನೆಲ ಇದು. ಇದರ ಮೇಲೆ ಇನ್ನೊಂದು ಕಾಲು ಮುರಿಯೋಕೆ ಬಿಡಲ್ಲ. ಹಿಡ್ಕೊಂಡು ಹೋಗೋರನ್ನ ಕರೆಸಿ. ಬರೋ ಹೊತ್ತಿಗೆ ಆ ಗೋಲು ಮುಟ್ಟಿರ್ತೀನಿ."

ಮುಟ್ಟಿದ. ಪೋಲೀಸಿನವರು ಬಂದಾಗ ಗುದ್ದಲಿ ತೊಳೆದು ಹೆಗಲಿಗಿಟ್ಟುಕೊಂಡು ನಿಂತಿದ್ದ. ಠಾಣೆಯಲ್ಲಿ ಸಂಜೆಯ ತನಕ ಕೂರಿಸಿದರು. ಅಷ್ಟರಲ್ಲಿ ಸಿಲೋನಿನ ತಂಡದ ಮುಖ್ಯಸ್ಥರು ಕ್ಲಬ್ಬಿಗೆ ಹೋಗಿ, ಒಣ ಮಾಘದಲ್ಲಿ ಅರ್ಧ ಮೈದಾನಕ್ಕೆ ಮಾತ್ರ ಕೆಸರು ಹೇಗೆ ಬಂತೆಂದು ಬರೆದುಕೊಡಿ ಎಂದು ಕೇಳಿದ್ದರು. ಕೇಸು ನಡೆದರೆ ತೂಬಿನ ಮಾತೂ ಏಳುತ್ತದೆ. ಚಂದ್ರಶೇಖರಪ್ಪನವರು ದೂರು ವಾಪಸು ತೆಗೆದುಕೊಂಡರು. ಹೊನ್ನಯ್ಯನ ಕೆಲಸ ಹೋಯಿತು. ಮೂರನೆಯ ಪಂದ್ಯ ಶಿವಮೊಗ್ಗಕ್ಕೆ ಹೋಯಿತು.

ಬುಧವಾರ ಹೊನ್ನಯ್ಯ ಶಿವಮೊಗ್ಗದಲ್ಲೇ ಇದ್ದ, ಮೈದಾನದಲ್ಲಲ್ಲ, ಆಸ್ಪತ್ರೆಯಲ್ಲಿ. ಕಂದಯ್ಯನ ಕಾಲಿಗೆ ಹಲಗೆ ಕಟ್ಟಿ ಮೇಲಕ್ಕೆ ತೂಗುಹಾಕಿದ್ದರು. ಹೊನ್ನಯ್ಯ ತಂದಿದ್ದ ಬಾಳೆಹಣ್ಣನ್ನು ಪಕ್ಕಕ್ಕಿಟ್ಟು, ಹುಡುಗ ಬಹಳ ಹೊತ್ತಿನಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ.

"ಅಣ್ಣೈ, ಮಳೈ ಪೆಯ್ದದೋ?"

ಮಳೆ ಬಂದಿತ್ತಾ ಎಂದು. ಹೌದು ಎನ್ನಬಹುದಿತ್ತು. ಯಾರ ತಪ್ಪೂ ಇಲ್ಲದೆ ಕಾಲು ಮುರಿಯಿತೆಂದು ಹುಡುಗ ನಂಬಿಕೊಂಡು ಊರಿಗೆ ಹೋಗುತ್ತಿದ್ದ.

"ಇಲ್ಲ," ಎಂದ ಹೊನ್ನಯ್ಯ. "ನೀರು ಬಿಟ್ರು. ನೀರು ನಿಲ್ಲೋ ಜಾಗ ತೋರಿಸ್ಕೊಟ್ಟಿದ್ದು ನಾನು. ಯಾಕೆ ಕೇಳ್ತಿದಾರೆ ಅಂತ ತಿಳೀಲಿಲ್ಲ."

ಕಂದಯ್ಯ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಪರವಾಗಿಲ್ಲ ಎನ್ನಲಿಲ್ಲ. ಅದು ಸರಿಯೆಂದೇ ಹೊನ್ನಯ್ಯನಿಗೂ ಅನ್ನಿಸಿತು. ಅಷ್ಟರಲ್ಲಿ ಮೈದಾನದ ದಿಕ್ಕಿನಿಂದ ಸಾವಿರಾರು ಜನರ ಕೂಗು ಕಿಟಕಿಯಲ್ಲಿ ನುಗ್ಗಿ ಬಂತು. ಯಾರು ಗೋಲು ಹೊಡೆದರೆಂದು ಇಬ್ಬರೂ ಕೇಳಬೇಕಾಗಿರಲಿಲ್ಲ. ಹೊರಗಿನವರು ಹೊಡೆದಿದ್ದರೆ ಆ ಕೂಗು ಏಳುತ್ತಿರಲಿಲ್ಲ.

ಒಣನೆಲ, ಸರಿಯಾದ ತೀರ್ಪು, ಒಂದೇ ಗೋಲು. ಅದನ್ನು ಹೊಡೆದವನು ಭೈರಪ್ಪ. ನೋಡಿದವರೆಲ್ಲ ಅಂಥ ಗೋಲನ್ನು ಕಂಡಿಲ್ಲ ಎಂದರು. ಅದನ್ನು ಕೇಳಿ ಹೊನ್ನಯ್ಯನಿಗೆ ಇದ್ದ ಸಿಟ್ಟು ಇಮ್ಮಡಿಯಾಯಿತು. ಗೆಲ್ಲಲು ಇವರಿಗೆ ಬರುತ್ತಿತ್ತಲ್ಲ. ಕೆಸರಿಲ್ಲದೆ, ಗಿರಣಿಯ ಯಂತ್ರವಿಲ್ಲದೆ ಗೆಲ್ಲಬಹುದಾಗಿದ್ದವರು. ಆದರೆ ಕಂದಯ್ಯ ಇಲ್ಲದ ತಂಡದ ಮೇಲೆ ಗೆದ್ದ ಗೆಲುವು ನಿಜವೋ ಸುಳ್ಳೋ ಎಂದು ಇನ್ನು ಯಾರೂ ಹೇಳಲಾರರು. ಕಳವಾದದ್ದು ಸಿಲೋನಿನವರದು ಮಾತ್ರವಲ್ಲ.

ಆ ವಾರವೇ ಭೈರಪ್ಪ ಮನೆ ಬಿಟ್ಟು ಕಾರ್ಖಾನೆಯ ಸಾಲುಮನೆಗೆ ಹೋದ. ಪೆಟ್ಟಿಗೆ ಹೊರಲು ಹುಚ್ಚಮ್ಮನೇ ಕೈ ಕೊಟ್ಟಳು. ಬಂದು ಗಂಡನ ಮುಂದೆ ನಿಂತಳು. "ನಿಮ್ಮ ನ್ಯಾಯ ನಿಮಗಿರ್ಲಿ. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ಇದ್ದೊಬ್ಬ ಹುಡುಗನೂ ಹೋದ." ಅವಳು ಹೇಳಿದ್ದು ಸುಳ್ಳಲ್ಲ. ಬಜಾರಿನಲ್ಲಿ ಅವನಿಗೆ ಹೊಸ ಹೆಸರು ಬಿತ್ತು, ಸಿಲೋನಿನ ಹೊನ್ನಯ್ಯ. ಹೊಳೆದಂಡೆಯ ಕಬ್ಬಿನ ತೋಟವೊಂದರಲ್ಲಿ ನೀರು ಕಟ್ಟುವ ಕೆಲಸ ಸಿಕ್ಕಿತು. ಮೈದಾನದ ದಾರಿಯನ್ನು ಅವನು ತುಳಿಯಲಿಲ್ಲ. ಬೇಕಾದರೆ ಅರ್ಧ ಮೈಲಿ ಸುತ್ತಿ ಹೋಗುತ್ತಿದ್ದ. ಕ್ಲಬ್ಬಿನವರು ಕಾಲುವೆ ಮುಚ್ಚಿಸಿ, ಬೆಳ್ಳಿಯ ಬಟ್ಟಲನ್ನು ಗಾಜಿನ ಬೀರುವಿನಲ್ಲಿಟ್ಟು, ಗೋಡೆಯ ಮೇಲೆ ಒಂದು ಕರಿಹಲಗೆ ತೂಗುಹಾಕಿದರು: ಸಿಲೋನ್ ವಿರುದ್ಧ ಅಂತರರಾಷ್ಟ್ರೀಯ ವಿಜಯ, ನಾಯಕ ಭೈರಪ್ಪ.

ಏಳು ವರ್ಷ ಕಳೆದವು. ಯುದ್ಧ ಮುಗಿದ ವರ್ಷದ ಕೊನೆಯಲ್ಲಿ ಒಂದು ಮಧ್ಯಾಹ್ನ ಹೊನ್ನಯ್ಯ ಕಬ್ಬಿನ ಸಾಲಿಗೆ ನೀರು ತಿರುಗಿಸುತ್ತಿದ್ದಾಗ ಬದುವಿನ ಮೇಲೆ ಭೈರಪ್ಪ ಬಂದು ನಿಂತ. ನೆತ್ತಿಯ ಮೇಲೆ ಕೂದಲು ತೆಳ್ಳಗಾಗಿತ್ತು. ನಡುವೆ ಅವನು ಅಕ್ಕನನ್ನು ನೋಡಲು ಬಂದದ್ದುಂಟು, ಭಾವ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು.

"ಮದರಾಸಿಗೆ ಹೋಗಿದ್ವಿ ಭಾವ. ಅಲ್ಲಿನವರ ಮೇಲೆ ಆಡಿದ್ವಿ," ಎಂದ.

ಹೊನ್ನಯ್ಯ ಗುದ್ದಲಿಯಿಂದ ಕೈ ತೆಗೆಯಲಿಲ್ಲ. "ಏನಾಯ್ತು?"

"ಸೋತ್ವಿ. ಒಳ್ಳೆ ನೆಲ ಕೊಟ್ರು. ಮಲಗೋಕೆ ತಣ್ಣಗಿರೋ ಜಾಗ ಕೊಟ್ರು. ಅವರ ಜನ ಅವರ ಕಡೆನೇ ಕೂಗಿದ್ರು, ಅದಿರ್ಲಿ. ಸರಿಯಾಗ್ ಆಡಿ ಸೋಲಿಸಿದ್ರು." ಭೈರಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ. "ಸೋತೆ ಅಂತ ಗೊತ್ತಾಯ್ತು ಭಾವ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎದ್ದಮೇಲೆ ಯೋಚನೆ ಬಂತು, ಆ ಸಿಲೋನಿನವರ ಮೇಲೆ ಗೆದ್ದಾಗಿಂದ ನನಗೆ ಹಾಗೆ ನಿದ್ದೆ ಬಂದಿಲ್ಲ ಅಂತ."

ಹೊನ್ನಯ್ಯ ಮುಂದಿನ ಸಾಲಿಗೆ ನೀರು ತಿರುಗಿಸಿದ.

"ಕಂದಯ್ಯ ಇದ್ದಿದ್ರೆ, ಆ ಮೂರನೇ ಆಟ ಗೆಲ್ತಿದ್ನಾ ನಾನು?"

"ಗೊತ್ತಿಲ್ಲ."

"ನಿಮಗೆ ಏನನ್ನಿಸುತ್ತೆ ಹೇಳಿ."

"ಗೊತ್ತಿಲ್ಲ ಕಣೋ. ಗೆಲ್ತಿದ್ದೆ ಅಂದ್ರೂ ಸುಳ್ಳು, ಇಲ್ಲ ಅಂದ್ರೂ ಸುಳ್ಳು. ಅದನ್ನೇ ಅಲ್ವಾ ಅವತ್ತು ನಾನು ಹೇಳಿದ್ದು?" ಹೊನ್ನಯ್ಯನ ದನಿ ಈ ಸಲ ಏರಿತು. ಏಳು ವರ್ಷದ ಕಾವು ಒಮ್ಮೆಗೇ ಬಾಯಿಗೆ ಬಂತು. "ಆ ಹುಡುಗ ಕುಂಟಿಕೊಂಡು ರೈಲು ಹತ್ತಿದ. ಇನ್ನು ಆಡೋ ಕಾಲಲ್ಲ ಅದು ಅಂತ ಡಾಕ್ಟ್ರು ನನ್ನೆದುರಿಗೇ ಹೇಳಿದ್ರು. ಅವನು ಎಂಥಾ ಆಟಗಾರ ಅಂತ ಅವನಿಗೂ ತಿಳೀಲಿಲ್ಲ, ನೀನೆಂಥೋನು ಅಂತ ನಿನಗೂ ತಿಳೀಲಿಲ್ಲ. ಇಷ್ಟೆಲ್ಲ ನಾಕು ಜನ ಶಾಮಿಯಾನದಡಿ ಕೂತು ಚಪ್ಪಾಳೆ ತಟ್ಟೋಕೆ. ಈಗ ಬಂದು ನನ್ನ ಕೇಳ್ತೀಯ."

ಭೈರಪ್ಪ ತಲೆ ತಗ್ಗಿಸಿ ಕೂತು ಕೇಳಿದ. ಆಮೇಲೆ ಎದ್ದು, ಪಂಚೆ ಕೊಡವಿಕೊಂಡು, ಊರ ಕಡೆ ನಡೆದ. ನೇರ ಕ್ಲಬ್ಬಿಗೆ ಹೋಗಿ, ಇಸ್ಪೀಟಾಡುತ್ತಿದ್ದವರ ನಡುವೆಯೇ ಕುರ್ಚಿ ಎಳೆದು ಹತ್ತಿ, ಒಂದು ಮೊಳೆಯಿಂದ ಹಲಗೆಯ ಮೇಲಿನ ತನ್ನ ಹೆಸರನ್ನು ಕೆರೆದು ಹಾಕಿದ. ಚಂದ್ರಶೇಖರಪ್ಪನವರು ಮುದುಕರಾಗಿದ್ದರು. "ಇದೇನು ಹುಡುಗಾಟ ಭೈರಪ್ಪ?" ಎಂದು ನಕ್ಕರು. ಉಳಿದವರೂ ನಕ್ಕರು. ವಾರದೊಳಗೆ ಬಣ್ಣದವನನ್ನು ಕರೆಸಿ ಹೆಸರನ್ನು ಮತ್ತೆ ಬರೆಸಿದರು.

ಸಂಕ್ರಾಂತಿಯ ಊಟಕ್ಕೆ ಭೈರಪ್ಪ ಹೆಂಡತಿಯನ್ನೂ ಕರೆದುಕೊಂಡು ಅಕ್ಕನ ಮನೆಗೆ ಬಂದಾಗ ಈ ಸಂಗತಿ ಹೇಳಿದ. ಹುಚ್ಚಮ್ಮ ಬಡಿಸುತ್ತಿದ್ದವಳು ಹಾಗೇ ನಿಂತಳು.

"ನಕ್ರಾ?" ಎಂದು ಹೊನ್ನಯ್ಯ ಕೇಳಿದ.

"ನಕ್ರು."

"ಉಣ್ಣು. ಉಂಡು ಹೋಗೋಣ," ಎಂದ ಹೊನ್ನಯ್ಯ.

ಆ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಹೋದರು. ಕುರ್ಚಿ ಅಲುಗದಂತೆ ಹೊನ್ನಯ್ಯ ಹಿಡಿದುಕೊಂಡ, ಭೈರಪ್ಪ ಕೆರೆದ. ಈ ಸಲ ಹೆಸರಿನ ಜೊತೆಗೆ ವಿಜಯ ಎಂಬುದನ್ನೂ ಕೆರೆದ. ಒಳಗಿದ್ದವರಲ್ಲಿ ಯಾರೂ ನಗಲಿಲ್ಲ. ಹೊನ್ನಯ್ಯ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ. ಆಮೇಲೆ ಯಾರೂ ಬಣ್ಣದವನನ್ನು ಕರೆಸಲಿಲ್ಲ.